ಹಸುಗೂಸಿನ ಕಾಮಾಲೆ, ಪಿತ್ತನಾಳ, ಎಂಡೋಸ್ಕೋಪಿ: ಅಪ್ಪ ಅಮ್ಮ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವಾರ ಕಳೆದರೂ ಮಗುವಿನ ಕಣ್ಣಿನ ಹಳದಿ ಹೋಗಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯಿತು. ಈಗ ಡಾಕ್ಟರು 'ಪಿತ್ತನಾಳದ ಮೇಲೆ ಅನುಮಾನ, ಎಂಡೋಸ್ಕೋಪಿ ಬೇಕಾಗಬಹುದು' ಅಂದಿದ್ದಾರೆ. ಒಂದೂವರೆ ತಿಂಗಳ ಕೂಸಿನ ಬಾಯಿಗೆ ಕೊಳವೆಯಾ ಎಂದು ಮನೆಯವರೆಲ್ಲ ಗಾಬರಿ. ಈ ಹಂತದಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಮತ್ತು ಉತ್ತರಗಳು ಇಲ್ಲಿವೆ.

ಎಳೆ ಮಕ್ಕಳಿಗೆಲ್ಲ ಕಾಮಾಲೆ ಬರುತ್ತಲ್ವಾ? ನಮ್ಮ ಮಗುವಿನದು ಯಾಕೆ ಬೇರೆ?

ಬರುತ್ತದೆ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಸುಮಾರು 60 ಶೇಕಡ, ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಸುಮಾರು 80 ಶೇಕಡ ಮಕ್ಕಳಿಗೆ ಮೊದಲ ವಾರದಲ್ಲಿ ಮೈ ಹಳದಿಯಾಗುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಕೆಲವರಿಗೆ ನೀಲಿ ಲೈಟಿನ ಕೆಳಗೆ ಮಲಗಿಸಬೇಕಾಗುತ್ತದೆ, ಅಷ್ಟೇ.

ಹಳದಿಗೆ ಕಾರಣವಾಗುವ ಬಿಲಿರುಬಿನ್‌ನಲ್ಲಿ ಎರಡು ಬಗೆ. ಲಿವರ್ ಇನ್ನೂ ಸಂಸ್ಕರಿಸದೆ ಇರುವುದು 'ಇನ್‌ಡೈರೆಕ್ಟ್'. ಲಿವರ್ ಸಂಸ್ಕರಿಸಿ ಪಿತ್ತದ ಜೊತೆ ಕರುಳಿಗೆ ಕಳಿಸಬೇಕಾದದ್ದು 'ಡೈರೆಕ್ಟ್'. ಹುಟ್ಟಿದ ವಾರ ಕಾಣುವ ಮಾಮೂಲಿ ಕಾಮಾಲೆ ಮೊದಲನೆಯದು. ಡೈರೆಕ್ಟ್ ಜಾಸ್ತಿಯಾಗಿದ್ದರೆ, ಲಿವರ್ ತಯಾರಿಸಿದ ಪಿತ್ತ ಸರಿಯಾಗಿ ಹರಿದು ಹೋಗುತ್ತಿಲ್ಲ ಎಂದರ್ಥ. ಅದು ಡೆಸಿಲೀಟರ್ ರಕ್ತಕ್ಕೆ 1 ಮಿಲಿಗ್ರಾಂಗಿಂತ ಜಾಸ್ತಿ ಇದ್ದರೆ ಸುಮ್ಮನೆ ಕೂರುವ ಹಾಗಿಲ್ಲ.

ಎಷ್ಟೋ ಸಲ ಲ್ಯಾಬ್‌ಗೆ 'ಟೋಟಲ್' ಮಾತ್ರ ಬರೆದುಕೊಟ್ಟಿರುತ್ತಾರೆ. ಟೋಟಲ್ 7 ಇದೆ, ಮೊದಲು 12 ಇತ್ತು, ಇಳಿಯುತ್ತಿದೆ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಆ 7ರಲ್ಲಿ 5 ಡೈರೆಕ್ಟ್ ಆಗಿದ್ದರೆ? ಎರಡು ವಾರ ದಾಟಿದ ಕಾಮಾಲೆಗೆ ಟೋಟಲ್ ಜೊತೆ ಡೈರೆಕ್ಟ್ ಕೂಡ ಬೇಕೇ ಬೇಕು. ಬರೆದಿಲ್ಲದಿದ್ದರೆ ಬಾಯಿಬಿಟ್ಟು ಕೇಳಿ.

ಮಲದ ಬಣ್ಣ ನೋಡಿ ಅಂತಾರೆ. ಹೇಗೆ ನೋಡೋದು?

ಮಲಕ್ಕೆ ಬಣ್ಣ ಬರುವುದು ಪಿತ್ತದಿಂದ. ಹಗಲು ಬೆಳಕಲ್ಲಿ ನೋಡಿ. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿರುತ್ತದೆ, ಹಳದಿ ಬಲ್ಬು ಉರಿಯುತ್ತಿರುತ್ತದೆ. ಆ ಬೆಳಕಲ್ಲಿ ಬಿಳಿ ಮಲವೂ ತೆಳು ಹಳದಿಯಾಗಿ ಕಾಣುತ್ತದೆ. ಬಟ್ಟೆಯನ್ನು ಅಂಗಳಕ್ಕೆ ತನ್ನಿ.

ಹಳದಿ, ಹಸಿರು, ಕಂದು ಇವೆಲ್ಲ ಸರಿ. ಬಿಳಿ, ಬೂದು, ಜೇಡಿಮಣ್ಣಿನ ಬಣ್ಣ, ತೀರಾ ಮಾಸಲು ಕೆನೆ ಬಣ್ಣ ಸರಿಯಲ್ಲ. ಇನ್ನೊಂದು ಸೂಕ್ಷ್ಮ ಇದೆ. ಮೈಯೆಲ್ಲ ಹಳದಿಯಾದ ಮಗುವಿನ ಮಲದ ಮೇಲ್ಪದರಕ್ಕೆ ಮೂತ್ರದ, ಕರುಳಿನ ಸ್ರಾವದ ಹಳದಿ ಹತ್ತಿಕೊಂಡಿರಬಹುದು. ಒಂದು ಕಡ್ಡಿಯಿಂದ ಬಿಡಿಸಿ ಒಳಗಿನ ಬಣ್ಣ ನೋಡಿ. ಒಳಗೆ ಬಿಳಿ ಇದ್ದರೆ ಅದನ್ನು ಬಿಳಿ ಎಂದೇ ಲೆಕ್ಕ ಹಾಕಬೇಕು.

ಮೂತ್ರವನ್ನೂ ಗಮನಿಸಿ. ಎಳೆ ಮಗುವಿನ ಮೂತ್ರಕ್ಕೆ ಬಣ್ಣವೇ ಇರುವುದಿಲ್ಲ ಅನ್ನಬಹುದು. ಹಳೇ ಪಂಚೆ ಹರಿದು ಮಾಡಿದ ಲಂಗೋಟಿಯಲ್ಲಿ ಹಳದಿ ಕಲೆ ಕೂತು, ಒಗೆದರೂ ಹೋಗುತ್ತಿಲ್ಲ ಎಂದರೆ ಡಾಕ್ಟರಿಗೆ ಹೇಳಿ. ಇದನ್ನು ಮೊದಲು ಗಮನಿಸುವವರು ಬಟ್ಟೆ ಒಗೆಯುವ ಅಜ್ಜಿ. ಅವರ ಮಾತಿಗೆ ಬೆಲೆ ಕೊಡಿ.

ತೈವಾನ್‌ನಲ್ಲಿ 2004ರಿಂದ ಮಲದ ಬಣ್ಣದ ಕಾರ್ಡನ್ನು ದೇಶದ ಎಲ್ಲ ತಾಯಂದಿರಿಗೂ ಕೊಡುತ್ತಾರೆ. ಬಣ್ಣ ಹೋಲಿಸಿ ನೋಡುವುದು, ಅನುಮಾನ ಬಂದರೆ ಫೋನ್ ಮಾಡುವುದು. ಇಷ್ಟರಿಂದಲೇ ಅಲ್ಲಿ ಮಕ್ಕಳು ಸರಿಯಾದ ಹೊತ್ತಿಗೆ ಆಪರೇಷನ್‌ಗೆ ಬರುವುದು ಜಾಸ್ತಿಯಾಯಿತು. ನಮ್ಮಲ್ಲಿ ಫೋನಲ್ಲಿ ಫೋಟೋ ತೆಗೆದು ತೋರಿಸುವುದು ಸುಲಭದ ದಾರಿ. ಫ್ಲ್ಯಾಶ್ ಬೇಡ.

ಪಿತ್ತನಾಳಕ್ಕೆ ಏನಾಗಿರಬಹುದು?

ಡಾಕ್ಟರ ತಲೆಯಲ್ಲಿ ಮೊದಲು ಓಡುವ ಹೆಸರು ಬಿಲಿಯರಿ ಅಟ್ರೇಸಿಯಾ. ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ನಾಳಗಳು ಉರಿಯೂತದಿಂದ ನಾರುಗಟ್ಟಿ ಮುಚ್ಚಿಹೋಗುವ ಕಾಯಿಲೆ ಇದು. ಯಾಕೆ ಹೀಗಾಗುತ್ತದೆ ಎಂಬುದಕ್ಕೆ ವೈದ್ಯಲೋಕದಲ್ಲಿ ಇನ್ನೂ ಖಚಿತ ಉತ್ತರ ಇಲ್ಲ. ತಾಯಿ ಗರ್ಭಿಣಿಯಾಗಿದ್ದಾಗ ಏನೋ ತಿಂದದ್ದು, ಗ್ರಹಣ ನೋಡಿದ್ದು ಇದಕ್ಕೆ ಕಾರಣವಲ್ಲ. ಅಪರೂಪದ ಕಾಯಿಲೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ 10,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ತೈವಾನ್‌ನಲ್ಲಿ ಇನ್ನೂ ಜಾಸ್ತಿ.

ಇದೊಂದೇ ಅಲ್ಲ. ನಾಳ ಬಲೂನಿನಂತೆ ಊದಿಕೊಳ್ಳುವ ಕೊಲೆಡೋಕಲ್ ಸಿಸ್ಟ್, ಗಟ್ಟಿ ಪಿತ್ತ ನಾಳದಲ್ಲಿ ಸಿಕ್ಕಿಕೊಳ್ಳುವುದು, ಪಿತ್ತದ ಕಲ್ಲು, ನಾಳ ತೂತಾಗಿ ಹೊಟ್ಟೆಯಲ್ಲಿ ಪಿತ್ತ ತುಂಬುವುದು ಕೂಡ ಇವೆ. ನಾಳ ಸರಿಯಿದ್ದು ಲಿವರ್ ಒಳಗೇ ತೊಂದರೆ ಇರುವ ಪಟ್ಟಿ ಇನ್ನೂ ಉದ್ದ: ಸೋಂಕು, ಥೈರಾಯ್ಡ್ ಕೊರತೆ, ಹಾಲಿನ ಸಕ್ಕರೆಯನ್ನು ಮೈ ಬಳಸಲಾಗದ ಗ್ಯಾಲಕ್ಟೋಸೀಮಿಯಾ, ಲಿವರ್ ಒಳಗಿನ ಪಿತ್ತನಾಳಗಳು ಕಡಿಮೆ ಇರುವ ಅಲಜೀಲ್ ಸಿಂಡ್ರೋಮ್, ವಂಶವಾಹಿಯಿಂದ ಬರುವ ಪಿತ್ತದ ಕಾಯಿಲೆಗಳು. ಆಪರೇಷನ್ ಬೇಕಾದವರು ಯಾರು, ಬೇಡದವರು ಯಾರು ಎಂದು ಬೇರೆ ಮಾಡುವುದೇ ಇಷ್ಟೆಲ್ಲ ಪರೀಕ್ಷೆಗಳ ಗುರಿ.

60 ದಿನ, 60 ದಿನ ಅಂತ ಯಾಕೆ ಅಷ್ಟು ಹೇಳ್ತಾರೆ?

ಅಟ್ರೇಸಿಯಾ ಇದ್ದರೆ ಪಿತ್ತ ಲಿವರ್‌ನಲ್ಲೇ ನಿಂತು ಅದನ್ನು ದಿನದಿನಕ್ಕೂ ಹಾಳುಮಾಡುತ್ತದೆ. ಜಪಾನಿನ ಸೆಂಡಾಯ್‌ನ ಸರ್ಜನ್ ಮೊರಿಯೊ ಕಸಾಯ್ 1950ರ ದಶಕದಲ್ಲಿ ಇದಕ್ಕೊಂದು ಆಪರೇಷನ್ ಕಂಡುಹಿಡಿದರು. ಮುಚ್ಚಿಹೋದ ನಾಳ ತೆಗೆದು, ಕರುಳಿನ ಒಂದು ತುಂಡನ್ನು ನೇರ ಲಿವರ್‌ಗೆ ಹೊಲಿಯುವುದು. 60 ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಜಾಸ್ತಿ. ತಡವಾದಷ್ಟೂ ಕಡಿಮೆ. 61ನೇ ದಿನ ಬಾಗಿಲು ಮುಚ್ಚುವುದಿಲ್ಲ, ಆದರೆ ಪ್ರತಿ ವಾರವೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ವ್ಯವಸ್ಥೆಯಲ್ಲಿ ಎರಡು ದಿನ ತಾನಾಗಿಯೇ ಒದಗಿ ಬರುತ್ತವೆ. ಆಶಾ ಕಾರ್ಯಕರ್ತೆ ಮನೆಗೆ ಬರುವ ದಿನಗಳಲ್ಲಿ 14ನೇ ದಿನವೂ ಒಂದು. ಆರನೇ ವಾರದಲ್ಲಿ ಲಸಿಕೆಗೆ ಹೋಗಲೇಬೇಕು, ಆಗ ಮಗುವಿಗೆ 42 ದಿನ. ಈ ಎರಡೂ ದಿನ ಕಣ್ಣಿನ ಬಣ್ಣ, ಮಲದ ಬಣ್ಣ ಕೇಳಿ ನೋಡಿದರೆ ಎಷ್ಟೋ ಮಕ್ಕಳು ಹೊತ್ತಿಗೆ ಸರಿಯಾಗಿ ಸಿಗುತ್ತಾರೆ. ಆದರೆ 'ಮಗು ಚೆನ್ನಾಗಿ ಹಾಲು ಕುಡೀತಿದೆ, ತೂಕ ಬಂದಿದೆ' ಎಂದು ಹಳದಿಯನ್ನು ಯಾರೂ ಮಾತಿಗೆ ತರುವುದಿಲ್ಲ. ಅಟ್ರೇಸಿಯಾ ಇರುವ ಮಕ್ಕಳು ಶುರುವಿನಲ್ಲಿ ಚೆನ್ನಾಗಿಯೇ ಇರುತ್ತಾರೆ. ಮೋಸ ಹೋಗುವುದು ಇಲ್ಲೇ.

ಹಾಗಾದರೆ ನೇರವಾಗಿ ಎಂಡೋಸ್ಕೋಪಿ ಮಾಡಿ ನೋಡಬಹುದಲ್ವಾ?

ಮೊದಲು ಸುಲಭದ ಪರೀಕ್ಷೆಗಳು. ರಕ್ತದಲ್ಲಿ ಲಿವರ್ ಪರೀಕ್ಷೆ, ಅದರಲ್ಲಿ ಜಿಜಿಟಿ ಎಂಬ ಕಿಣ್ವ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ನೋಡುವ ಪಿಟಿ, ಥೈರಾಯ್ಡ್, ಸೋಂಕು, ಮೂತ್ರ.

ಆಮೇಲೆ ಹೊಟ್ಟೆಯ ಅಲ್ಟ್ರಾಸೌಂಡ್, ಸುಮಾರು ನಾಲ್ಕು ಗಂಟೆ ಹಾಲು ಕೊಡದೆ. ಹಾಲು ಕುಡಿದರೆ ಪಿತ್ತಕೋಶ ತಾನಾಗಿಯೇ ಕುಗ್ಗುತ್ತದೆ, ಆಗ ರಿಪೋರ್ಟಿಗೆ ಅರ್ಥವಿರುವುದಿಲ್ಲ. ಖಾಲಿ ಹೊಟ್ಟೆಯಲ್ಲೂ ಪಿತ್ತಕೋಶ ಸಣ್ಣಗೆ ಅಂಕುಡೊಂಕಾಗಿದ್ದರೆ, ಲಿವರ್ ಬಾಗಿಲಲ್ಲಿ, ಅಂದರೆ ಪಿತ್ತನಾಳ ಲಿವರ್‌ನಿಂದ ಹೊರಬರುವ ಜಾಗದಲ್ಲಿ, ತ್ರಿಕೋನದ ನಾರುಗಂಟು ಕಂಡರೆ ಅನುಮಾನ ಜಾಸ್ತಿಯಾಗುತ್ತದೆ.

ಹೈಡಾ ಸ್ಕ್ಯಾನ್ ಎಂಬ ಇನ್ನೊಂದಿದೆ. ಅದಕ್ಕೆ ಮುಂಚೆ ಐದು ದಿನ ಫೀನೋಬಾರ್ಬಿಟೋನ್ ಔಷಧ ಕೊಡುವ ರೂಢಿ. ಸ್ಕ್ಯಾನ್‌ಗಾಗಿ ರಕ್ತನಾಳಕ್ಕೆ ಕೊಡುವ ವಿಕಿರಣ ದ್ರವ ಲಿವರ್‌ನಿಂದ ಕರುಳಿಗೆ ಇಳಿದರೆ ಅಟ್ರೇಸಿಯಾ ಇಲ್ಲ. ಇಳಿಯದಿದ್ದರೆ ಇದೆ ಎಂದಲ್ಲ, ಲಿವರ್ ತೀರಾ ಸೊರಗಿದ್ದರೂ ಇಳಿಯುವುದಿಲ್ಲ. ಮಗುವಿಗೆ ಈಗಾಗಲೇ 50 ದಿನ ಆಗಿದ್ದರೆ ಈ ಐದು ದಿನ ಕಾಯುವುದು ಬೇಕಾ ಎಂದು ಕೇಳಲೇಬೇಕು. ಸೂಜಿಯಿಂದ ಲಿವರ್‌ನ ಚೂರು ತೆಗೆದು ನೋಡುವ ಬಯಾಪ್ಸಿ ಇವೆಲ್ಲಕ್ಕಿಂತ ಜಾಸ್ತಿ ಹೇಳುತ್ತದೆ.

ಇಷ್ಟಾದ ಮೇಲೆ ಹೆಚ್ಚಿನ ಮಕ್ಕಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಆಗದ ಕೆಲವರು ಉಳಿಯುತ್ತಾರೆ. ಎಂಡೋಸ್ಕೋಪಿಯ ಮಾತು ಬರುವುದು ಅವರ ವಿಷಯದಲ್ಲಿ.

ಇದು ಗ್ಯಾಸ್ಟ್ರಿಕ್‌ಗೆ ಮಾಡ್ತಾರಲ್ಲ, ಅದೇನಾ?

ಅಲ್ಲ. ಇದರ ಹೆಸರು ಇಆರ್‌ಸಿಪಿ. ಮಾಮೂಲಿ ಎಂಡೋಸ್ಕೋಪ್ ಮುಂದಕ್ಕೆ ನೋಡುತ್ತದೆ. ಇದರ ಕೊಳವೆ ಪಕ್ಕಕ್ಕೆ ನೋಡುತ್ತದೆ, ಯಾಕೆಂದರೆ ಪಿತ್ತನಾಳ ಸಣ್ಣ ಕರುಳಿನ ಮೊದಲ ಭಾಗದ ಪಕ್ಕದ ಗೋಡೆಯಲ್ಲಿ ತೆರೆದುಕೊಳ್ಳುತ್ತದೆ. ಆ ಸಣ್ಣ ಉಬ್ಬಿನ ಬಾಯಿಗೆ ನೂಲಿನಷ್ಟು ಸಣ್ಣ ನಳಿಕೆ ತೂರಿಸಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಡುತ್ತಾರೆ. ದ್ರವ ಹರಿದ ದಾರಿಯೇ ಪಿತ್ತನಾಳದ ಚಿತ್ರ.

ದೊಡ್ಡವರಲ್ಲಿ ಈ ಬಾಯಿ ಹೊಕ್ಕ ಮೊದಲ ವರದಿ ಬಂದದ್ದು 1968ರಲ್ಲಿ, ಅಮೆರಿಕದಿಂದ. ಹಸುಗೂಸುಗಳಿಗೆ ಇದು ಬರಲು ಬಹಳ ಕಾಲ ಹಿಡಿಯಿತು. ವೆನೆಜುವೆಲಾದ ಕರಾಕಸ್‌ನಲ್ಲಿ ಮೊಯ್ಸೆಸ್ ಗೆಲ್ರುಡ್ ಮತ್ತವರ ತಂಡ 1990ರ ದಶಕದ ಆರಂಭದಲ್ಲಿ, ಕಾಮಾಲೆಯ ಶಿಶುಗಳಲ್ಲಿ ಇಆರ್‌ಸಿಪಿಯಿಂದ ಅಟ್ರೇಸಿಯಾ ಗುರುತಿಸುವುದು ಹೇಗೆಂದು ಬರೆದರು.

ಅಷ್ಟು ಚಿಕ್ಕ ಮಗುವಿನ ಗಂಟಲಲ್ಲಿ ಕೊಳವೆ ಇಳಿಯುತ್ತಾ?

ಇಳಿಯುತ್ತದೆ, ಆದರೆ ಸರಿಯಾದ ಕೊಳವೆ ಇರಬೇಕು. ದೊಡ್ಡವರದ್ದು 11 ಮಿಲಿಮೀಟರ್ ಆಸುಪಾಸು ದಪ್ಪ. ಸುಮಾರು 10 ಕಿಲೋ ಮೇಲಿನ ಮಕ್ಕಳಿಗೆ ಅದು ನಡೆಯುತ್ತದೆ. ಮೂರು ನಾಲ್ಕು ಕಿಲೋ ಕೂಸಿಗೆ ಬೇಕಾದದ್ದು ಸುಮಾರು 7.5 ಮಿಲಿಮೀಟರ್‌ನ ಶಿಶು ಕೊಳವೆ. ಅದರೊಳಗೆ ಉಪಕರಣ ತೂರುವ ದಾರಿ 2 ಮಿಲಿಮೀಟರ್ ಮಾತ್ರ, ಹಾಗಾಗಿ ಬಳಸುವ ಸಾಮಾನೂ ಅಷ್ಟೇ ಸಪೂರ.

ಈ ಕೊಳವೆ ಇರುವ ಕೇಂದ್ರಗಳು ಪ್ರಪಂಚದಲ್ಲೇ ಕಡಿಮೆ. ಅದನ್ನು ಕೂಸುಗಳಲ್ಲಿ ಪದೇ ಪದೇ ಬಳಸಿ ಕೈ ಪಳಗಿದವರು ಇನ್ನೂ ಕಡಿಮೆ. 'ಯಾಕೆ ಎಲ್ಲ ಕಡೆ ಮಾಡಲ್ಲ' ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಅವತ್ತು ಏನೇನು ನಡೆಯುತ್ತೆ?

ಮುಂಚೆಯೇ ವಿಟಮಿನ್ ಕೆ ಕೊಟ್ಟು ಪಿಟಿ ಸರಿಯಿದೆಯಾ ನೋಡಿಕೊಂಡಿರುತ್ತಾರೆ. ಎದೆಹಾಲು ನಾಲ್ಕು ಗಂಟೆ ಮುಂಚೆ, ಪುಡಿಹಾಲು ಆರು ಗಂಟೆ ಮುಂಚೆ ನಿಲ್ಲಿಸಬೇಕು. ಮಗುವಿಗೆ ಪೂರ್ತಿ ಅನಸ್ತೇಶಿಯಾ ಕೊಟ್ಟು, ಉಸಿರಿಗೆ ಬೇರೆ ಟ್ಯೂಬ್ ಹಾಕುತ್ತಾರೆ. ನೋವು ಗೊತ್ತಾಗುವುದಿಲ್ಲ. ಎಕ್ಸ್‌ರೇ ಮೇಜಿನ ಮೇಲೆ ಮಗುವಿನ ಮೈ ತಣ್ಣಗಾಗದಂತೆ ಬೆಚ್ಚಗಿನ ಗಾಳಿಯ ಹೊದಿಕೆ ಇಡುತ್ತಾರೆ. ಎಳೆ ಮಕ್ಕಳಿಗೆ ಚಳಿಯೇ ಒಂದು ಅಪಾಯ. ಹೊಟ್ಟೆ ಉಬ್ಬಿದರೆ ಉಸಿರಿಗೆ ತೊಂದರೆ, ಹಾಗಾಗಿ ಕೊಳವೆಯಿಂದ ಕರುಳಿಗೆ ಗಾಳಿ ಆದಷ್ಟೂ ಕಡಿಮೆ ಬಿಡುತ್ತಾರೆ.

ಎಲ್ಲ ಸರಾಗವಾದರೆ ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಒಂದು ದಿನವಾದರೂ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಹೊಟ್ಟೆ ಮೆತ್ತಗಿದೆಯಾ, ಜ್ವರ ಇದೆಯಾ, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿದರೆ ರಕ್ತದಲ್ಲಿ ಹೆಚ್ಚುವ ಲೈಪೇಸ್ ಏರಿದೆಯಾ ಎಂದು ನೋಡುತ್ತಾರೆ. ಮತ್ತೆ ಯಾವಾಗ ಹಾಲು ಕೊಡಬೇಕೆಂದು ನರ್ಸ್ ಹೇಳುವವರೆಗೆ ಕಾಯಿರಿ. ಹಸಿದು ಅಳುವ ಮಗುವನ್ನು ಸುಮ್ಮನಿರಿಸುವುದೇ ಅವತ್ತಿನ ದೊಡ್ಡ ಕೆಲಸ. ಎತ್ತಿಕೊಂಡು ತಿರುಗಾಡಲು ಇನ್ನೊಬ್ಬರು ಜೊತೆಗಿರಲಿ.

ಏನು ಕಂಡರೆ ಏನರ್ಥ?

ಕೊಳವೆ ಕರುಳಿಗೆ ಇಳಿದ ಕೂಡಲೇ ಹಳದಿ ಹಸಿರು ಪಿತ್ತ ಒಸರುವುದು ಕಂಡರೆ ಅರ್ಧ ಚಿಂತೆ ಹೋಯಿತು. ಪಿತ್ತ ಬರುತ್ತಿದೆ ಎಂದರೆ ದಾರಿ ತೆರೆದಿದೆ. ದ್ರವ ಬಿಟ್ಟಾಗ ಮುಖ್ಯ ನಾಳ, ಅದರಿಂದ ಲಿವರ್ ಒಳಗೆ ಕವಲೊಡೆಯುವ ನಾಳಗಳು ಪೂರ್ತಿ ಕಂಡರೆ ಅಟ್ರೇಸಿಯಾ ಇಲ್ಲ. ಒಂದು ದೊಡ್ಡ ಆಪರೇಷನ್ ತಪ್ಪಿತು. ಇಆರ್‌ಸಿಪಿಯ ನಿಜವಾದ ಉಪಯೋಗ ಇದೇ.

ನಾಳದ ಕೆಳಭಾಗ, ಪಿತ್ತಕೋಶ ಮಾತ್ರ ಕಂಡು ಲಿವರ್ ಕಡೆಗೆ ದಾರಿ ನಿಂತುಹೋದರೆ ಅಟ್ರೇಸಿಯಾ ಕಡೆಗೆ ಬೆರಳು. ನಾಳ ಊದಿದ್ದರೆ ಸಿಸ್ಟ್. ಒಳಗೆ ಏನೋ ತುಂಬಿಕೊಂಡಿದ್ದರೆ ಗಟ್ಟಿ ಪಿತ್ತ ಅಥವಾ ಕಲ್ಲು.

ಪಿತ್ತನಾಳ ಕಾಣಲೇ ಇಲ್ಲ ಅಂದರು. ಅಂದರೆ ಅಟ್ರೇಸಿಯಾ ಗ್ಯಾರಂಟಿನಾ?

ಇಲ್ಲ. ಅನುಭವಿ ಕೇಂದ್ರಗಳಲ್ಲೂ ಹತ್ತರಲ್ಲಿ ಸುಮಾರು ಒಂದು ಮಗುವಿನಲ್ಲಿ ನಳಿಕೆ ಪಿತ್ತನಾಳದ ಬಾಯಿ ಹೊಗುವುದಿಲ್ಲ. ಅಂಥ ಕಡೆ ದ್ರವ ಅದೇ ಉಬ್ಬಿನಲ್ಲಿ ತೆರೆದುಕೊಳ್ಳುವ ಪ್ಯಾಂಕ್ರಿಯಾಸ್ ನಾಳಕ್ಕೆ ಮಾತ್ರ ಹೋಗಿರಬಹುದು. ಪಿತ್ತನಾಳ ಮುಚ್ಚಿದೆಯೋ, ನಳಿಕೆ ತಲುಪಲಿಲ್ಲವೋ? ಪಳಗಿದ ಕೈಗೆ ಪದೇ ಪದೇ ಪ್ಯಾಂಕ್ರಿಯಾಸ್ ನಾಳ ಮಾತ್ರ ಸಿಕ್ಕಿ, ಕರುಳಲ್ಲಿ ಪಿತ್ತವೂ ಕಾಣದಿದ್ದರೆ ಅನುಮಾನ ಬಲವಾಗುತ್ತದೆ. ಆದರೂ ಕೊನೆ ತೀರ್ಮಾನ ಆಪರೇಷನ್ ಮೇಜಿನ ಮೇಲೆ, ಪಿತ್ತಕೋಶಕ್ಕೆ ನೇರ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇಯದು. ಅದಕ್ಕೆ ಕೊಲಾಂಜಿಯೋಗ್ರಾಮ್ ಎನ್ನುತ್ತಾರೆ. ಅಟ್ರೇಸಿಯಾ ಖಚಿತವಾದರೆ ಅದೇ ಅನಸ್ತೇಶಿಯಾದಲ್ಲಿ ಕಸಾಯ್ ಆಪರೇಷನ್ ಮುಂದುವರಿಯುತ್ತದೆ.

ನಮ್ಮ ಊರಿನ ಹತ್ತಿರ ಈ ಸೌಲಭ್ಯ ಇಲ್ಲ. ಹುಡುಕಿಕೊಂಡು ದೂರ ಹೋಗಬೇಕಾ?

ಬಯಾಪ್ಸಿ, ಸ್ಕ್ಯಾನಿಂಗ್ ಎಲ್ಲ ಅಟ್ರೇಸಿಯಾ ಕಡೆಗೇ ತೋರಿಸುತ್ತಿದ್ದರೆ ಇಆರ್‌ಸಿಪಿಗಾಗಿ ಅಲೆಯಬೇಡಿ. ನೇರ ಮಕ್ಕಳ ಸರ್ಜನ್ ಹತ್ತಿರ ಹೋಗಿ. ಪರೀಕ್ಷೆ ಹುಡುಕಿಕೊಂಡು ಹತ್ತು ದಿನ ಕಳೆದರೆ ಆ ಪರೀಕ್ಷೆಯಿಂದ ಬರುವ ಲಾಭಕ್ಕಿಂತ ನಷ್ಟವೇ ಜಾಸ್ತಿ. ಮಲ ಒಮ್ಮೆ ಬಿಳಿ, ಒಮ್ಮೆ ಹಳದಿ, ಬಯಾಪ್ಸಿಯೂ ಅತ್ತ ಇತ್ತ, ಸ್ಕ್ಯಾನಲ್ಲಿ ನಾಳ ಊದಿದ ಹಾಗಿದೆ ಎಂಬಂಥ ಮಗುವಿಗೆ ಮಾತ್ರ ಇದು ಉಪಯೋಗ. ಅದೂ ಕೈ ಪಳಗಿದವರು ಎರಡು ಮೂರು ದಿನದೊಳಗೆ ಮಾಡಿಕೊಡುವಂತಿದ್ದರೆ.

ಎಲ್ಲೇ ಹೋದರೂ ಮಕ್ಕಳ ಲಿವರ್ ಡಾಕ್ಟರ್, ಮಕ್ಕಳ ಸರ್ಜನ್, ಕೂಸುಗಳಿಗೆ ಅನಸ್ತೇಶಿಯಾ ಕೊಡುವವರು ಮೂವರೂ ಇರುವ ಆಸ್ಪತ್ರೆ ನೋಡಿ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಸರ್ಕಾರಿ, ಖಾಸಗಿ ಎರಡರಲ್ಲೂ ಇಂಥವು ಇವೆ. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಚೀಟಿ ತೆಗೆದುಕೊಂಡು ಹೋದರೆ ಸರ್ಕಾರಿ ಯೋಜನೆಯ ಕೌಂಟರಿನಲ್ಲಿ ಓಡಾಟ ಕಡಿಮೆ.

ಅಪಾಯ ಏನು?

ಪ್ಯಾಂಕ್ರಿಯಾಸ್ ಊತ, ಪಿತ್ತನಾಳದ ಸೋಂಕು, ರಕ್ತಸ್ರಾವ, ಅಪರೂಪಕ್ಕೆ ಕರುಳು ತೂತಾಗುವುದು. ಜೊತೆಗೆ ಅನಸ್ತೇಶಿಯಾದಲ್ಲಿ ಉಸಿರಾಟದ ತೊಂದರೆ. ಬರೀ ಚಿತ್ರ ತೆಗೆಯುವ ಇಆರ್‌ಸಿಪಿಯಲ್ಲಿ, ಅನುಭವಿಗಳ ಕೈಯಲ್ಲಿ, ದೊಡ್ಡ ತೊಂದರೆ ಕಡಿಮೆ. ಪಿತ್ತನಾಳದ ಬಾಯಿ ಕೊಯ್ದು ಅಗಲ ಮಾಡುವ, ಕಲ್ಲು ತೆಗೆಯುವ ಕೆಲಸ ಸೇರಿದರೆ ಅಪಾಯವೂ ಏರುತ್ತದೆ. ಮನೆಗೆ ಬಂದ ಮೇಲೆ ಜ್ವರ, ಹಸಿರು ವಾಂತಿ, ಬಿಗಿದ ಹೊಟ್ಟೆ, ಕಪ್ಪು ಮಲ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ಎಂಆರ್‌ಐನಲ್ಲೇ ನಾಳ ಕಾಣಲ್ವಾ?

ಎಂಆರ್‌ಸಿಪಿ ಎಂಬುದಿದೆ. ಸಿಸ್ಟ್ ನೋಡಲು ಬಹಳ ಒಳ್ಳೆಯದು. ಆದರೆ ಹಸುಗೂಸಿನ ಆರೋಗ್ಯವಂತ ಪಿತ್ತನಾಳವೇ ಒಂದೆರಡು ಮಿಲಿಮೀಟರ್, ಮೇಲಾಗಿ ಮಗು ಉಸಿರು ಹಿಡಿದು ಮಲಗುವುದಿಲ್ಲ. ಕಾಣದಿದ್ದರೆ 'ಇಲ್ಲ' ಎನ್ನಲಾಗುವುದಿಲ್ಲ.

ಇಆರ್‌ಸಿಪಿಯಲ್ಲೇ ಚಿಕಿತ್ಸೆನೂ ಆಗುತ್ತಾ?

ಕೆಲವು ಸಲ. ಗಟ್ಟಿ ಪಿತ್ತ ತೊಳೆದು ತೆಗೆಯಬಹುದು, ಕಲ್ಲು ತೆಗೆಯಬಹುದು, ನಾಳ ಕಿರಿದಾಗಿದ್ದರೆ ಸ್ಟೆಂಟ್ ಇಡಬಹುದು. ಅಟ್ರೇಸಿಯಾಗೆ ಆಗುವುದಿಲ್ಲ. ಅದರಲ್ಲಿ ಬಹುತೇಕ ಮಕ್ಕಳಿಗೆ ಲಿವರ್ ಬಾಗಿಲಿನಿಂದಲೇ ನಾಳ ಮುಚ್ಚಿರುತ್ತದೆ, ಕೆಳಗಿನಿಂದ ತೆರೆಯಲು ದಾರಿಯೇ ಇರುವುದಿಲ್ಲ.

ಕಸಾಯ್ ಆಪರೇಷನ್ ಆದರೆ ಎಲ್ಲ ಸರಿಹೋಗುತ್ತಾ?

ಕೆಲವರಿಗೆ ಕಾಮಾಲೆ ಪೂರ್ತಿ ಇಳಿದು ಸ್ವಂತ ಲಿವರ್‌ನಲ್ಲೇ ದೊಡ್ಡವರಾಗುತ್ತಾರೆ. ಇನ್ನು ಕೆಲವರಿಗೆ ಪಿತ್ತ ಹರಿದರೂ ಲಿವರ್ ನಿಧಾನವಾಗಿ ಗಟ್ಟಿಯಾಗುತ್ತದೆ. ದೊಡ್ಡವರಾಗುವುದರೊಳಗೆ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಲಿವರ್ ಕಸಿ ಬೇಕಾಗುತ್ತದೆ. ಆಪರೇಷನ್ ಆದ ಮಗುವಿಗೆ ಜ್ವರ ಬಂದರೆ ಅದು ಮಾಮೂಲಿ ಜ್ವರ ಎಂದುಕೊಳ್ಳಬಾರದು. ಪಿತ್ತನಾಳದ ಸೋಂಕು ಮೊದಲ ವರ್ಷಗಳಲ್ಲಿ ಸಾಮಾನ್ಯ.

ಕಸಿ ಎಂದ ಕೂಡಲೇ ಎದೆ ಒಡೆದುಕೊಳ್ಳುವವರಿಗೆ ಒಂದು ವಿಷಯ. ಭಾರತದಲ್ಲಿ ಮಕ್ಕಳ ಲಿವರ್ ಕಸಿ ಮೊದಲ ಸಲ ಗೆದ್ದದ್ದು 1998ರ ನವೆಂಬರ್‌ನಲ್ಲಿ, ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ. ಕಾಂಚೀಪುರದ 20 ತಿಂಗಳ ಮಗು. ಕಾಯಿಲೆ ಬಿಲಿಯರಿ ಅಟ್ರೇಸಿಯಾ. ಲಿವರ್ ತುಂಡು ಕೊಟ್ಟದ್ದು ಅಪ್ಪ. ಆ ಮಗು ಬೆಳೆದು ಡಾಕ್ಟರ್ ಆದರು.

ಹಿರಿಯರು ಎಳೆ ಬಿಸಿಲು, ನಾಟಿ ಔಷಧ ಅಂತಾರೆ. ಒಂದೆರಡು ವಾರ ನೋಡಬಹುದಾ?

ಬೇಡ. ಬಿಸಿಲೂ ನೀಲಿ ಲೈಟೂ ಡೈರೆಕ್ಟ್ ಬಿಲಿರುಬಿನ್ ಇಳಿಸುವುದಿಲ್ಲ. ನೆಲನೆಲ್ಲಿ ರಸ, ಇನ್ಯಾವುದೋ ಎಣ್ಣೆ, ತಾಯಿತ, ಯಾವುದೂ ಮುಚ್ಚಿದ ನಾಳ ತೆರೆಯುವುದಿಲ್ಲ. ಕಾಮಾಲೆಗೆ ಬರೆ ಹಾಕಿಸುವುದು ಕೆಲವು ಕಡೆ ಇನ್ನೂ ನಿಂತಿಲ್ಲ. ಪಿತ್ತ ಇಳಿಯದ ಮಗುವಿಗೆ ವಿಟಮಿನ್ ಕೆ ಕೊರತೆಯಿಂದ ರಕ್ತ ಹೆಪ್ಪುಗಟ್ಟುವುದಿಲ್ಲ, ಸುಟ್ಟ ಗಾಯದಿಂದ ಸೋಂಕೂ ಹತ್ತುತ್ತದೆ. ಅಜ್ಜಿಯ ಜೊತೆ ಜಗಳವಾಡುವ ಬದಲು ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ರಿಪೋರ್ಟನ್ನು ಅವರ ಮುಂದೆಯೇ ವಿವರಿಸಲಿ. ಸಾಮಾನ್ಯವಾಗಿ ಆಮೇಲೆ ಮಗುವನ್ನು ಬೇಗ ಆಸ್ಪತ್ರೆಗೆ ಹೊರಡಿಸುವವರು ಅವರೇ.

ಎದೆಹಾಲು ನಿಲ್ಲಿಸಬೇಕಾ?

ಡಾಕ್ಟರು ನಿರ್ದಿಷ್ಟವಾಗಿ ಹೇಳದೆ ನಿಲ್ಲಿಸಬೇಡಿ. ಗ್ಯಾಲಕ್ಟೋಸೀಮಿಯಾ ಇದ್ದರೆ ಮಾತ್ರ ಹಾಲು ಪೂರ್ತಿ ಬಿಡಬೇಕಾಗುತ್ತದೆ. ಪಿತ್ತ ಇಲ್ಲದೆ ಕೊಬ್ಬು ಸರಿಯಾಗಿ ಜೀರ್ಣವಾಗದ ಕಾರಣ ಎ, ಡಿ, ಇ, ಕೆ ವಿಟಮಿನ್‌ಗಳನ್ನೂ, ಬೇಗ ಹೀರಿಕೊಳ್ಳುವ ಎಂಸಿಟಿ ಕೊಬ್ಬನ್ನೂ ಬೇರೆಯಾಗಿ ಕೊಡುತ್ತಾರೆ.

ಮುಂದಿನ ಮಗುವಿಗೂ ಬರುತ್ತಾ?

ಬಿಲಿಯರಿ ಅಟ್ರೇಸಿಯಾ ಒಂದೇ ಮನೆಯಲ್ಲಿ ಎರಡು ಮಕ್ಕಳಿಗೆ ಬರುವುದು ತೀರಾ ಅಪರೂಪ. ಅಲಜೀಲ್ ಅಥವಾ ವಂಶವಾಹಿಯ ಬೇರೆ ಕಾಯಿಲೆ ಎಂದು ಗೊತ್ತಾದರೆ ಲೆಕ್ಕ ಬೇರೆ. ಆಗ ಮುಂದಿನ ಬಸಿರಿಗೆ ಮುಂಚೆ ಜೆನೆಟಿಕ್ಸ್ ಡಾಕ್ಟರ ಹತ್ತಿರ ಮಾತಾಡಿ, ಮೊದಲ ಮಗುವಿನ ಎಲ್ಲ ರಿಪೋರ್ಟುಗಳನ್ನೂ ಜೊತೆಗೆ ಒಯ್ಯಿರಿ.